ಹ್ಯಾರೋ ಕೌನ್ಸಿಲ್ ಚುನಾವಣೆ ಮೇ 7ಕ್ಕೆ: ವೀಸಾದಲ್ಲಿ ಇರುವವರಿಗೂ ವೋಟ್ ಇದೆಯಂತೆ, ಹೌದಾ?

ರೇನರ್ಸ್ ಲೇನ್ ರಾಗಿಮುದ್ದೆ:
ಎಲ್ಲರಿಗೂ ನಮಸ್ಕಾರ. 2026ರ ಮೇ 7ಕ್ಕೆ ಲಂಡನ್ನಿನ 32 ಬರೋಗಳಿಗೂ, ಅಂದರೆ ಬೇರೆ ಬೇರೆ ಕೌನ್ಸಿಲ್ ಇರುವ ನಗರದ ಭಾಗಗಳಿಗೂ, ಒಟ್ಟಿಗೇ ಚುನಾವಣೆ ಇದೆ. ನಮ್ಮ ಹ್ಯಾರೋದಲ್ಲಿ ಈಗಿನಿಂದಲೇ ಬಾಗಿಲ ಕಂಡಿಯಿಂದ ಕರಪತ್ರಗಳು ಬೀಳುತ್ತಿವೆ. ಶನಿವಾರ ಇಬ್ಬರು ಬಂದು ಬಾಗಿಲು ತಟ್ಟಿದರು. ನನ್ನದು ಇಂಡಿಯನ್ ಪಾಸ್‌ಪೋರ್ಟ್, ಸ್ಕಿಲ್ಡ್ ವರ್ಕರ್ ವೀಸಾ, ನನಗೆಲ್ಲಿಯ ವೋಟ್ ಅಂದೆ. "ನಿಮಗೂ ಇದೆ, ಹೆಸರು ನೋಂದಾಯಿಸಿ" ಅಂತ ಹೇಳಿ ಹೋದರು. ನನ್ನ ಹೆಂಡತಿಗೆ ಇದೇನೋ ಸ್ಕ್ಯಾಮ್ ಅಂತ ಅನುಮಾನ.

ಇದು ನಿಜವಾ? ನಿಜ ಆದರೆ ವೀಸಾಗೆ ಏನೂ ತೊಂದರೆ ಇಲ್ಲ ತಾನೇ? ಇನ್ನೊಂದು, ಕೌನ್ಸಿಲ್ ಟ್ಯಾಕ್ಸ್ ವರ್ಷ ವರ್ಷ ಏರುತ್ತಲೇ ಇದೆ. ನಾವು ವೋಟ್ ಹಾಕಿದರೆ ಅದಕ್ಕೇನಾದರೂ ಆಗುತ್ತದಾ, ಇಲ್ಲ ಯಾರು ಬಂದರೂ ಅಷ್ಟೇನಾ?

ಪಿನ್ನರ್ ಪಡ್ಡು:
ಸ್ಕ್ಯಾಮ್ ಅಲ್ಲ, ನಿಜ. ಭಾರತ ಕಾಮನ್‌ವೆಲ್ತ್ ದೇಶ. ಕಾಮನ್‌ವೆಲ್ತ್ ಪ್ರಜೆಗೆ 18 ತುಂಬಿರಬೇಕು, ಇಲ್ಲಿ ವಾಸ ಇರಬೇಕು, ಇರಲು ಅನುಮತಿ ಇರಬೇಕು. ಅಷ್ಟಿದ್ದರೆ ವೋಟ್ ಇದೆ. ವೀಸಾ ಯಾವ ಬಗೆಯದು ಅನ್ನುವುದು ಮುಖ್ಯ ಅಲ್ಲ. ಸ್ಟೂಡೆಂಟ್ ಆದರೂ ಸರಿ, ಡಿಪೆಂಡೆಂಟ್ ಆದರೂ ಸರಿ. ಕೌನ್ಸಿಲ್‌ಗೆ ಮಾತ್ರ ಅಲ್ಲ, ಲಂಡನ್ ಮೇಯರ್ ಚುನಾವಣೆಗೂ ಪಾರ್ಲಿಮೆಂಟಿಗೂ ಹಾಕಬಹುದು.

ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು ಸೇರಿಸಿ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿ ಇಟ್ಟುಕೊಳ್ಳಿ. ಐದು ನಿಮಿಷದ ಕೆಲಸ. ಕೊನೆಯ ದಿನ ಏಪ್ರಿಲ್ 20, ರಾತ್ರಿ 11:59. ವೀಸಾಗೆ ಯಾವ ತೊಂದರೆಯೂ ಇಲ್ಲ. ಕಾನೂನು ಕೊಟ್ಟಿರುವ ಹಕ್ಕು ಅದು.

ಕುಡ್ಲದ ಗಾಳಿ:
ತಮಾಷೆ ಏನು ಗೊತ್ತುಂಟಾ ಮಾರಾಯ್ರೆ? ನನ್ನ ಪಕ್ಕದ ಡೆಸ್ಕಿನ ಅಮೆರಿಕದವನಿಗೆ ಇಲ್ಲಿ ವೋಟ್ ಇಲ್ಲ, ನನಗುಂಟು. ಇದು ಹೇಗೆ ಸಾಧ್ಯ ಅಂತ ಅವನು ಇಡೀ ಲಂಚ್ ಹೊತ್ತು ತಲೆ ಕೆಡಿಸಿಕೊಂಡ. 200 ವರ್ಷ ಲೂಟಿ ಮಾಡಿಸಿಕೊಂಡದ್ದಕ್ಕೆ ಬಡ್ಡಿ ಅಂದೆ.

ಧಾರವಾಡ ಪೇಡೆ:
ಅಲ್ರೀ, ಇದೇ ನನಗೆ ಸರಿ ಕಾಣುವುದಿಲ್ಲ. ನಾವು ಬಂದಿರುವುದು ದುಡಿಯಲು. ಐದು ವರ್ಷ ಇರುತ್ತೇವೋ ಹತ್ತು ವರ್ಷ ಇರುತ್ತೇವೋ ಗೊತ್ತಿಲ್ಲ. ಊರವರ ಜಗಳದಲ್ಲಿ ಬೀಗರು ಮೂಗು ತೂರಿಸಿದ ಹಾಗೆ ಆಗುತ್ತದೆ. ನಾನಂತೂ ಹಾಕುವುದಿಲ್ಲ.

ರೇನರ್ಸ್ ಲೇನ್ ರಾಗಿಮುದ್ದೆ:
ಬೀಗರು ಕೌನ್ಸಿಲ್ ಟ್ಯಾಕ್ಸ್ ಕಟ್ಟುವುದಿಲ್ಲ ಅಣ್ಣ, ನಾವು ಕಟ್ಟುತ್ತೇವೆ 😄

ಹಳೇ ಹುಲಿ:
ಪೇಡೆಯವರೇ, ನಿಮ್ಮ ಮಾತು ಅರ್ಥ ಆಗುತ್ತದೆ. ನಾನು 98ರಲ್ಲಿ ಬಂದಾಗ ಹೀಗೇ ಅಂದುಕೊಂಡಿದ್ದೆ. ಈಗ ಮಕ್ಕಳಿಗೆ ಇಲ್ಲೇ ಮದುವೆ ಆಯಿತು. ತಾತ್ಕಾಲಿಕ ಅಂತ ಬಂದವರು ಯಾರು ವಾಪಸ್ ಹೋಗಿದ್ದಾರೆ ಹೇಳಿ?

ಸರಿ, ವಾಪಸ್ ಹೋಗುವವರೇ ಅಂತ ಇಟ್ಟುಕೊಳ್ಳೋಣ. ವೀಸಾಗೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕೊಡುತ್ತೀರಿ. ಬಾಡಿಗೆ ಮನೆ ಆದರೂ ಕೌನ್ಸಿಲ್ ಟ್ಯಾಕ್ಸ್ ನಿಮ್ಮದೇ, ಮಾಲೀಕರದ್ದಲ್ಲ. ಕೆಲಸ ಹೋದರೆ ಟ್ಯಾಕ್ಸ್ ರಿಯಾಯಿತಿ ಕೇಳುವ ಹಾಗಿಲ್ಲ, ವೀಸಾದ ಷರತ್ತು ಅಡ್ಡ ಬರುತ್ತದೆ. ಇಷ್ಟೆಲ್ಲ ಕೊಟ್ಟ ಮೇಲೆ ರಸ್ತೆ ದೀಪ ಯಾಕೆ ಉರಿಯುತ್ತಿಲ್ಲ ಅಂತ ಕೇಳುವುದು ಮೂಗು ತೂರಿಸುವುದಾ?

ಧಾರವಾಡ ಪೇಡೆ:
ಕೇಳುವುದು ಬೇರೆ, ವೋಟ್ ಹಾಕುವುದು ಬೇರೆ. ಇಲ್ಲಿ ಈಗಿರುವ ಗಾಳಿ ನೋಡಿದ್ದೀರಲ್ಲ. "ಹೊರಗಿನವರು ಬಂದು ನಮ್ಮ ಕೌನ್ಸಿಲ್ ನಿರ್ಧರಿಸುತ್ತಿದ್ದಾರೆ" ಅನ್ನಲು ಯಾರಿಗೂ ಅವಕಾಶ ಕೊಡಬಾರದು ಅನ್ನುವುದು ನನ್ನ ವಾದ. ಇರುವ ಹಕ್ಕನ್ನೇ ಕಿತ್ತುಕೊಂಡರೆ?

ಸುಮ್ನೆ ಓದುವವಳು:
ಬಳಸದೇ ಇದ್ದರೆ ಕಿತ್ತುಕೊಳ್ಳುವುದು ಇನ್ನೂ ಸುಲಭ ಅಲ್ವಾ?

ಪಿನ್ನರ್ ಪಡ್ಡು:
ಮೂಲ ಪ್ರಶ್ನೆಯ ಎರಡನೇ ಭಾಗಕ್ಕೆ ಬರುತ್ತೇನೆ, ನಮ್ಮ ವೋಟಿನಿಂದ ಏನಾದರೂ ಆಗುತ್ತದಾ ಅಂತ. ಹ್ಯಾರೋದ ಲೆಕ್ಕ ನೋಡಿ. 22 ವಾರ್ಡ್, ಒಂದೊಂದಕ್ಕೆ ಎರಡೋ ಮೂರೋ ಸೀಟ್, ಒಟ್ಟು 55. 2022ರಲ್ಲಿ ಕನ್ಸರ್ವೇಟಿವ್ 31, ಲೇಬರ್ 24. ಬೇರೆ ಪಕ್ಷಕ್ಕೆ ಒಂದೂ ಇಲ್ಲ. ನಾಲ್ಕು ಸೀಟ್ ಆ ಕಡೆಯಿಂದ ಈ ಕಡೆಗೆ ಬಂದರೆ 27-28, ಆಡಳಿತವೇ ಬದಲು. ಆ ವರ್ಷ ಲಂಡನ್ನಿನಲ್ಲಿ ಲೇಬರ್ ವಾಂಡ್ಸ್‌ವರ್ತ್, ವೆಸ್ಟ್‌ಮಿನ್‌ಸ್ಟರ್, ಬಾರ್ನೆಟ್ ಮೂರನ್ನೂ ಗೆದ್ದಿತು. ಅದೇ ಚುನಾವಣೆಯಲ್ಲಿ ಹ್ಯಾರೋ ಉಲ್ಟಾ ಹೊಡೆದು ಲೇಬರ್ ಕೈತಪ್ಪಿ ಕನ್ಸರ್ವೇಟಿವ್‌ಗೆ ಹೋಯಿತು. ಇಲ್ಲಿನ ಜನ ಇಡೀ ಲಂಡನ್ ಹೋದ ಕಡೆ ಹೋಗುವುದಿಲ್ಲ.

ಲಂಡನ್ನಿನಲ್ಲಿ ಕೌನ್ಸಿಲ್ ಚುನಾವಣೆಗೆ ವೋಟ್ ಹಾಕುವವರು ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು. ಅಂದರೆ ಹಾಕಿದವರ ಮಾತಿಗೆ ತೂಕ ಜಾಸ್ತಿ. ಈ ಸಲ ರಿಫಾರ್ಮ್, ಗ್ರೀನ್, ಲಿಬ್ ಡೆಮ್ ಎಲ್ಲರೂ ಜೋರಾಗಿ ಓಡಾಡುತ್ತಿದ್ದಾರೆ. ವೋಟ್ ನಾಲ್ಕೈದು ಕಡೆ ಹಂಚಿಹೋದರೆ ಗೆಲ್ಲುವ ಅಂತರ ಇನ್ನೂ ಸಣ್ಣದಾಗುತ್ತದೆ.

ಕುಡ್ಲದ ಗಾಳಿ:
ಅಂತರ ಸಣ್ಣದು ಅಂದರೆ ಎಷ್ಟು ಸಣ್ಣದು ಆಗಬಹುದು ಅಂತ ಕೇಳಿ. 2017ರಲ್ಲಿ ನಾರ್ತಂಬರ್‌ಲ್ಯಾಂಡ್ ಕೌಂಟಿ ಕೌನ್ಸಿಲ್, ಸೌತ್ ಬ್ಲೈತ್ ಅನ್ನುವ ಸೀಟ್. ಇಬ್ಬರಿಗೂ ಸರಿಸಮ ವೋಟ್. ಮತ್ತೆ ಎಣಿಸಿದರು, ಮತ್ತೂ ಸಮ. ಕೊನೆಗೆ ಅಧಿಕಾರಿ ಎರಡು ಕಡ್ಡಿ ಹಿಡಿದು ನಿಂತರು, ಅಭ್ಯರ್ಥಿಗಳು ಒಂದೊಂದು ಎಳೆದರು. ಉದ್ದ ಕಡ್ಡಿ ಸಿಕ್ಕಿದ್ದು ಲಿಬ್ ಡೆಮ್‌ಗೆ. ಆ ಒಂದು ಸೀಟ್ ಹೋದದ್ದರಿಂದ ಕನ್ಸರ್ವೇಟಿವ್‌ಗೆ 67ರಲ್ಲಿ 33, ಬಹುಮತಕ್ಕೆ ಒಂದು ಕಡಿಮೆ! ನಾವು ಕ್ರಿಕೆಟ್ ಬ್ಯಾಟಿಂಗ್‌ಗೆ ಹೀಗೇ ಚೀಟಿ ಎತ್ತುತ್ತಿದ್ದದ್ದು.

ರೇನರ್ಸ್ ಲೇನ್ ರಾಗಿಮುದ್ದೆ:
ಕಡ್ಡಿ ಎಳೆದು ಗೆದ್ದರಾ?! ಇದನ್ನು ಹೆಂಡತಿಗೆ ಓದಿ ಹೇಳಿದೆ. ಈಗ ಅವಳೇ ಹೆಸರು ಸೇರಿಸುತ್ತಿದ್ದಾಳೆ.

ಸ್ಲೌ ಸೋನಾಮಸೂರಿ:
ಯಾರು ಬಂದರೂ ಅಷ್ಟೇ ಅನ್ನುವವರು ಒಮ್ಮೆ ನಮ್ಮೂರಿನ ಕಡೆ ನೋಡಿ. 2021ರ ಜುಲೈನಲ್ಲಿ ಸ್ಲೌ ಕೌನ್ಸಿಲ್ ಸೆಕ್ಷನ್ 114 ನೋಟಿಸ್ ಹೊರಡಿಸಿತು. ಅಂದರೆ ಕೈ ಎತ್ತಿತು, ದುಡ್ಡಿಲ್ಲ ಅಂತ. ಸಾಲ 760 ಮಿಲಿಯನ್ ಪೌಂಡ್ ಅಂತ ಪೇಪರಿನಲ್ಲಿ ಬಂತು. ಮೇಲಿನಿಂದ ಸರ್ಕಾರದ ಕಮಿಷನರ್‌ಗಳು ಬಂದು ಕೂತರು. 2023ರಲ್ಲಿ ಕೌನ್ಸಿಲ್ ಟ್ಯಾಕ್ಸ್ ಒಂದೇ ಏಟಿಗೆ ಶೇ 9.99 ಏರಿತು. ಬೇರೆ ಕಡೆ ಮಾಮೂಲಿ ಮಿತಿ ಶೇ 4.99. ಕಟ್ಟಿದವರು ನಾವು, ವೋಟ್ ಹಾಕಿದವರೂ ಹಾಕದವರೂ ಸೇರಿ.

ನಮಗೆ ಈ ಸಲ ಚುನಾವಣೆ ಇಲ್ಲ, ಮುಂದಿನ ವರ್ಷ. ನಿಮಗಿದೆ, ಹಾಕಿ.

ಕ್ರಾಯ್ಡನ್ ಕೋಸಂಬರಿ:
9.99ಕ್ಕೇ ಅಳುತ್ತೀರಾ ಸೋನಾಮಸೂರಿ, ಅದೇ ವರ್ಷ ಕ್ರಾಯ್ಡನ್‌ಗೆ ಶೇ 15 🙂 ನಮ್ಮದು 2020ರಲ್ಲೇ ದಿವಾಳಿ. ಈ ವಿಷಯದಲ್ಲಿ ನಾವು ಸೀನಿಯರ್.

ಅಂದಹಾಗೆ ನಮಗೆ ಮೇ 7ಕ್ಕೆ ಎರಡು ಮತಪತ್ರ ಕೊಡುತ್ತಾರೆ, ಕೌನ್ಸಿಲರ್‌ಗೆ ಒಂದು, ಮೇಯರ್‌ಗೆ ಒಂದು. ಕ್ರಾಯ್ಡನ್, ಹ್ಯಾಕ್ನಿ, ಲೂಯಿಶಮ್, ನ್ಯೂಹ್ಯಾಮ್, ಟವರ್ ಹ್ಯಾಮ್ಲೆಟ್ಸ್ ಐದರಲ್ಲಿ ಮಾತ್ರ ಮೇಯರನ್ನು ಜನವೇ ನೇರ ಆರಿಸುವುದು. ಹ್ಯಾರೋದಲ್ಲಿ ಮೇಯರ್ ಅಂದರೆ ಸರ ಹಾಕಿಕೊಂಡು ರಿಬ್ಬನ್ ಕತ್ತರಿಸುವವರು. ನಿಜವಾದ ಅಧಿಕಾರ ಕೌನ್ಸಿಲ್ ಲೀಡರ್ ಕೈಯಲ್ಲಿ.

ಬಸವನಗುಡಿ ಹುಡುಗ:
ನನಗೆ ಇದೆಲ್ಲ ನೋಡಿದರೆ ಹೊಟ್ಟೆ ಉರಿಯುತ್ತದೆ. ನಾಲ್ಕು ವರ್ಷ ಆಯಿತು, ಚುನಾವಣೆ ಬಂತು, ಅಷ್ಟೇ. ನಮ್ಮ ಬೆಂಗಳೂರಿನಲ್ಲಿ ಬಿಬಿಎಂಪಿಗೆ ಕೊನೆಯ ಚುನಾವಣೆ ಆಗಿದ್ದು 2015ರಲ್ಲಿ. 198 ವಾರ್ಡ್. 2020ರ ಸೆಪ್ಟೆಂಬರಿಗೆ ಅವಧಿ ಮುಗಿಯಿತು. ಅಲ್ಲಿಂದ ಆಡಳಿತಾಧಿಕಾರಿಗಳದ್ದೇ ದರ್ಬಾರು. ವಾರ್ಡ್ ವಿಂಗಡಣೆ ಆಯಿತು, ಮೀಸಲಾತಿ ಆಯಿತು, ಕೋರ್ಟ್ ಆಯಿತು, ಮತ್ತೆ ವಿಂಗಡಣೆ ಆಯಿತು. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಅಂತ ಮಾಡಿ ಐದು ಪಾಲಿಕೆ ಮಾಡಿದರು. ಕಾರ್ಪೊರೇಟರ್ ಮಾತ್ರ ಒಬ್ಬರೂ ಇಲ್ಲ. ನಮ್ಮಪ್ಪ ಕಸದ ಗಾಡಿ ಬರಲಿಲ್ಲ ಅಂತ ಯಾರಿಗೆ ಫೋನ್ ಮಾಡಬೇಕು ಹೇಳಿ?

ಅಲ್ಲಿ ಹಾಕೋಣ ಅಂದರೆ ಚುನಾವಣೆಯೇ ಇಲ್ಲ. ಇಲ್ಲಿ ಕರೆದು ಕೊಡುತ್ತಿದ್ದಾರೆ, ನಮಗೆ ಬೇಡ.

ಧಾರವಾಡ ಪೇಡೆ:
ಎಲ್ಲದಕ್ಕೂ ಬೆಂಗಳೂರು ಎಳೆದು ತರಬೇಡಿ. ಹುಬ್ಬಳ್ಳಿ-ಧಾರವಾಡದಲ್ಲಿ 2021ರಲ್ಲಿ ಚುನಾವಣೆ ಆಗಿದೆ. ಕರ್ನಾಟಕ ಅಂದರೆ ಬಸವನಗುಡಿ ಮಾತ್ರ ಅಲ್ಲ.

ಬಸವನಗುಡಿ ಹುಡುಗ:
ಆಯಿತು ಸ್ವಾಮಿ. ಅಲ್ಲಿಯಾದರೂ ವೋಟ್ ಹಾಕಿದ್ದಿರಾ?

ಧಾರವಾಡ ಪೇಡೆ:
ಆಗ ನಾನು ಇಲ್ಲಿದ್ದೆ.

ಬಸವನಗುಡಿ ಹುಡುಗ:
ಅಲ್ಲಿನದಕ್ಕೆ ಇಲ್ಲಿದ್ದೆ, ಇಲ್ಲಿನದಕ್ಕೆ ಅಲ್ಲಿಯವನು. ಚೆನ್ನಾಗಿದೆ.

ನಿರ್ವಾಹಕ:
ಇಬ್ಬರೂ ಸ್ವಲ್ಪ ತಣ್ಣಗಾಗಿ. ವಿಷಯ ಹ್ಯಾರೋ.

ಟೈರ್ ಎರಡು ವಿಸಾದಾರ:
ನನ್ನದು ಒಂದೇ ಮಾತು. ಪರ್ಮನೆಂಟ್ ಆಗಲು ಐದು ವರ್ಷ ಇದ್ದದ್ದನ್ನು ಹತ್ತು ಮಾಡುತ್ತೇವೆ ಅಂತ 2025ರ ಮೇನಲ್ಲಿ ಹೇಳಿದಾಗಿನಿಂದ ನಿದ್ದೆ ಇಲ್ಲ. ಯಾವ ಪಕ್ಷ ಅದನ್ನು ತಂದಿತೋ ಅವರ ಎದುರಿಗೆ ಒತ್ತುತ್ತೇನೆ. ವಾರ್ಡಿನಲ್ಲಿ ಯಾರು ನಿಂತಿದ್ದಾರೆ ಅಂತ ನೋಡುವುದೂ ಇಲ್ಲ.

ಪಿನ್ನರ್ ಪಡ್ಡು:
ಸಿಟ್ಟು ಸರಿ, ವಿಳಾಸ ತಪ್ಪು. ವೀಸಾ ಹೋಮ್ ಆಫೀಸಿನದು. ಕೌನ್ಸಿಲ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಆಸ್ಪತ್ರೆಯೂ ಕೌನ್ಸಿಲ್‌ದಲ್ಲ. ಪೊಲೀಸ್, ಬಸ್ಸು, ಟ್ಯೂಬ್ ಇಡೀ ಲಂಡನ್ನಿನ ಮೇಯರ್ ಕಡೆಯದು. ಕೌನ್ಸಿಲ್‌ನದು ಕಸ, ಗಲ್ಲಿ ರಸ್ತೆ, ಪಾರ್ಕಿಂಗ್, ಗ್ರಂಥಾಲಯ, ಪಾರ್ಕು, ಮನೆ ಕಟ್ಟಲು ಒಪ್ಪಿಗೆ, ಶಾಲೆಯ ಸೀಟು ಹಂಚಿಕೆ. ಇವೆಲ್ಲ ಕಣ್ಣಿಗೆ ಕಾಣುವವು. ಖರ್ಚಿನ ಅರ್ಧಕ್ಕಿಂತ ಜಾಸ್ತಿ ಹೋಗುವುದು ಕಣ್ಣಿಗೆ ಕಾಣದ ಕಡೆಗೆ: ವಯಸ್ಸಾದವರ, ಅಂಗವಿಕಲರ ಆರೈಕೆ, ದಿಕ್ಕಿಲ್ಲದ ಮಕ್ಕಳ ರಕ್ಷಣೆ. ಟ್ಯಾಕ್ಸ್ ಏರುವುದಕ್ಕೆ ದೊಡ್ಡ ಕಾರಣ ಅದೇ. 4.99ರಲ್ಲಿ ಶೇ 2 ಆರೈಕೆಗೆ ಅಂತಲೇ ಮೀಸಲು. ಅಂದರೆ ಯಾವ ಪಕ್ಷ ಬಂದರೂ ಬಿಲ್ ಇಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ಉಳಿದ ದುಡ್ಡನ್ನು ಎಲ್ಲಿ ಹಾಕುತ್ತಾರೆ, ಎಲ್ಲಿ ಕತ್ತರಿಸುತ್ತಾರೆ ಅನ್ನುವುದೇ ಇರುವ ಆಯ್ಕೆ.

ಹಳೇ ಹುಲಿ:
ಕೌನ್ಸಿಲ್‌ಗೆ ಸಂಬಂಧ ಇಲ್ಲದ ವಿಷಯವನ್ನೂ ಪಕ್ಷಗಳೇ ತರುತ್ತವೆ ಪಡ್ಡು ಅವರೇ, ಜನರನ್ನು ಬೈಯುವುದು ಹೇಗೆ? ಯೂಲೆಜ್ ನೆನಪಿದೆಯಾ, ಹೊಗೆ ಜಾಸ್ತಿ ಬಿಡುವ ಗಾಡಿಗಳ ಶುಲ್ಕ? ಹಳೇ ಕಾರಿಗೆ ದಿನಕ್ಕೆ 12.50 ಪೌಂಡ್. ನಮ್ಮ ಕಡೆಗೂ ತಂದಿದ್ದು ಲಂಡನ್ ಮೇಯರ್. ಹ್ಯಾರೋ, ಹಿಲಿಂಗ್ಡನ್, ಬೆಕ್ಸ್‌ಲಿ, ಬ್ರೊಮ್ಲಿ, ಜೊತೆಗೆ ಸರ್ರೆ ಕೌಂಟಿ ಸೇರಿ ಹೈಕೋರ್ಟಿಗೆ ಹೋದವು. 2023ರ ಜುಲೈನಲ್ಲಿ ಸೋತವು, ಆಗಸ್ಟ್ 29ಕ್ಕೆ ಜಾರಿ ಆಯಿತು. ಕೇಸಿನ ಖರ್ಚು ನಮ್ಮ ಟ್ಯಾಕ್ಸಿನದೇ. ಆದರೂ ಹೋಗಿದ್ದು ಸರಿ ಅನ್ನುವವರು ನಮ್ಮ ರಸ್ತೆಯಲ್ಲೇ ಬೇಕಾದಷ್ಟು ಜನ ಇದ್ದಾರೆ. ನಾನೂ ಒಬ್ಬ, ನನ್ನದು ಆಗ ಡೀಸೆಲ್ ಗಾಡಿ.

ವೆಂಬ್ಲಿ ಒಗ್ಗರಣೆ:
ನಾನು ಪಕ್ಕದ ಬ್ರೆಂಟ್‌ನವಳು. ನಮ್ಮಲ್ಲಿ ಚುನಾವಣೆಯ ದೊಡ್ಡ ವಿಷಯ ಏನು ಗೊತ್ತಾ? ಪಾನ್ ಉಗುಳುವುದು. ನಾಚಿಕೆ ಆಗುತ್ತದೆ, ಆದರೆ ನಿಜ. ಟೆಲಿಫೋನ್ ಬಾಕ್ಸ್, ಹೂಕುಂಡ, ಅಂಗಡಿ ಮೂಲೆ, ಎಲ್ಲ ಕಡೆ ಕೆಂಪು. ಬಿಸಿ ನೀರಿನ ಜೆಟ್ ಹಾಕಿ ತೊಳೆದರೂ ಕಲ್ಲಿಗೆ ಹಿಡಿದ ಕಲೆ ಹೋಗುವುದಿಲ್ಲ. ಅದನ್ನು ತೊಳೆಯಲೇ ವರ್ಷಕ್ಕೆ 30,000 ಪೌಂಡ್ ಮೇಲೆ ಖರ್ಚು ಅಂತ ಬ್ರೆಂಟ್ ಕೌನ್ಸಿಲ್ ಹೇಳಿದೆ. ಈಗ ಸಿಕ್ಕಿಬಿದ್ದರೆ 100 ಪೌಂಡ್ ದಂಡ.

ರೇನರ್ಸ್ ಲೇನ್ ರಾಗಿಮುದ್ದೆ:
ನಮ್ಮ ಕಡೆಯೂ ಅದೇ ಕಥೆ ಅಕ್ಕ. ನಾರ್ತ್ ಹ್ಯಾರೋವರೆಗೂ ಬಂದಿದೆ. ವಿಡಿಯೋ ವೈರಲ್ ಆಗಿತ್ತಲ್ಲ.

ಕುಡ್ಲದ ಗಾಳಿ:
ಎಲೆ ಅಡಿಕೆ ಬೆಳೆಯುವವರು ನಾವು. ಕವಳ ಹಾಕಿದರೂ ಉಗುಳುವ ಜಾಗ ಗೊತ್ತಿರಬೇಕು. ನನ್ನ ಅಜ್ಜಿ ಪೀಕದಾನಿ ಇಲ್ಲದೆ ಕೂರುತ್ತಿರಲಿಲ್ಲ. ಇವರು ತಿನ್ನುವುದು ಗುಟ್ಕಾ. ಅಡಿಕೆಯ ಮಾನ ಕಳೆಯಬೇಡಿ.

ಸುಮ್ನೆ ಓದುವವಳು:
ಅಡಿಕೆ ರೇಟಿನ ಚರ್ಚೆ ಶುರು ಆಗುವ ಮೊದಲು ಯಾರಾದರೂ ಗುರುತಿನ ಚೀಟಿ ವಿಷಯ ಹೇಳಿ. ಫೋಟೋ ಐಡಿ ಬೇಕಂತೆ? ಆಧಾರ್ ನಡೆಯುತ್ತದಾ?

ಪಿನ್ನರ್ ಪಡ್ಡು:
ಆಧಾರ್ ನಡೆಯಲ್ಲ. ಓಸಿಐ ಕಾರ್ಡ್ ಕೂಡ ನಡೆಯಲ್ಲ. ಇಂಗ್ಲೆಂಡಿನಲ್ಲಿ 2023ರ ಮೇನಿಂದ ಫೋಟೋ ಐಡಿ ಕಡ್ಡಾಯ. ಇಂಡಿಯನ್ ಪಾಸ್‌ಪೋರ್ಟ್ ನಡೆಯುತ್ತದೆ, ಯಾವ ಕಾಮನ್‌ವೆಲ್ತ್ ದೇಶದ್ದಾದರೂ ಸರಿ. ಇಲ್ಲಿನ ಡ್ರೈವಿಂಗ್ ಲೈಸೆನ್ಸ್, ಪ್ರೊವಿಷನಲ್ ಆದರೂ ಆಗಬಹುದು. ಬಸ್ಸು, ಟ್ಯೂಬಿನ ಕಾರ್ಡುಗಳಲ್ಲಿ ಹಿರಿಯರ ಫ್ರೀಡಂ ಪಾಸ್ ನಡೆಯುತ್ತದೆ, ಹುಡುಗರ ಸ್ಟೂಡೆಂಟ್ ಆಯ್ಸ್ಟರ್ ನಡೆಯಲ್ಲ. ಅದು ಅನ್ಯಾಯ ಅಂತ ಗಲಾಟೆ ಆಗಿತ್ತು, ನನಗೂ ಅನ್ಯಾಯ ಅಂತಲೇ ಅನ್ನಿಸುತ್ತದೆ. ಅವಧಿ ಮುಗಿದಿದ್ದರೂ ಪರವಾಗಿಲ್ಲ, ಫೋಟೋ ನಿಮ್ಮ ಮುಖದ ಹಾಗಿರಬೇಕು. ಮೊಬೈಲಿನಲ್ಲಿ ತೆಗೆದ ಫೋಟೋ ತೋರಿಸಿದರೆ ಆಗಲ್ಲ, ಮೂಲ ಕಾರ್ಡೇ ಬೇಕು.

ಯಾವುದೂ ಇಲ್ಲದವರು ವೋಟರ್ ಅಥಾರಿಟಿ ಸರ್ಟಿಫಿಕೇಟ್ ಕೇಳಿ, ಪುಕ್ಕಟೆ. ಅದಕ್ಕೆ ಏಪ್ರಿಲ್ 28, ಸಂಜೆ 5 ಕೊನೆ.

ಇನಿಷಿಯಲ್ ಸಂಕಟ:
ಪಾಸ್‌ಪೋರ್ಟ್ ನಡೆಯುತ್ತದೆ ಅಂದಿರಿ, ಹೆಸರಿನ ಕಥೆ ಯಾರು ಹೇಳುತ್ತಾರೆ? ನಮ್ಮ ಮನೆಯ ಪಾಡು ಕೇಳಿ. ಹೈಸ್ಕೂಲಿನಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟ್ ಮಾಡಿಸುವಾಗ ಬಿಡಿಸಿ ಬರೆಯಿರಿ ಅಂದರು. ಒಂದು ಊರ ಹೆಸರು, ಒಂದು ಅಪ್ಪನ ಹೆಸರು. ಎಲ್ಲ ಸೇರಿ ರೈಲು ಬೋಗಿ ಆಯಿತು. ಇಲ್ಲಿ ಬಂದ ಮೇಲೆ ಬ್ಯಾಂಕಿನವರು ಊರನ್ನೇ ಸರ್‌ನೇಮ್ ಮಾಡಿದರು, ಲೈಸೆನ್ಸಿನಲ್ಲಿ ಅಪ್ಪ ಸರ್‌ನೇಮ್ ಆದ. ಆಫೀಸಿನಲ್ಲಿ ನನ್ನನ್ನು ಕರೆಯುವುದು ಹಾಸನ ಜಿಲ್ಲೆಯ ಒಂದು ಹಳ್ಳಿಯ ಹೆಸರಿನಿಂದ.

ಹಿಂದೆ ಇದ್ದ ಬರೋದಲ್ಲಿ ವೋಟ್ ಹಾಕಲು ಹೋದಾಗ ಮೇಜಿನ ಹಿಂದಿದ್ದ ಹೆಂಗಸು ಪಟ್ಟಿ ನೋಡಿದರು, ಲೈಸೆನ್ಸ್ ನೋಡಿದರು, ನನ್ನನ್ನು ನೋಡಿದರು. ಮತ್ತೆ ಪಟ್ಟಿ ನೋಡಿದರು. "ಇದು ನೀವೇನಾ?" ಅಂದರು. ನಾನೇ, ಆದರೆ ಯಾವುದು ಎಲ್ಲಿ ಅಂತ ವಿವರಿಸುವಷ್ಟರಲ್ಲಿ ಹಿಂದೆ ಸಾಲು ಬೆಳೆಯಿತು. ಮನೆಗೆ ಹೋಗಿ ಪಾಸ್‌ಪೋರ್ಟ್ ತಂದು ತೋರಿಸಿದ ಮೇಲೆ ಕೊಟ್ಟರು. ಈ ಸಲ ಏನು ಮಾಡಲಿ?

ಪಿನ್ನರ್ ಪಡ್ಡು:
ಈ ಕಥೆ ನಮ್ಮವರಲ್ಲಿ ಮನೆಗೊಂದು ಇದೆ. ನಾನು ಮತಗಟ್ಟೆಯಲ್ಲಿ ಕ್ಲರ್ಕ್ ಆಗಿ ಕೂತಿದ್ದೇನೆ, ಆ ಕಡೆಯಿಂದ ನೋಡಿದ್ದನ್ನು ಹೇಳುತ್ತೇನೆ. ಸಣ್ಣ ವ್ಯತ್ಯಾಸಕ್ಕೆ ತಕರಾರು ಇಲ್ಲ. ಅಕ್ಷರ ಹೆಚ್ಚುಕಡಿಮೆ ಆದರೆ, ಪೂರ್ತಿ ಹೆಸರಿನ ಬದಲು ಗಿಡ್ಡ ಹೆಸರು ಇದ್ದರೆ ಬಿಡುತ್ತೇವೆ. ಪೂರ್ತಿ ಬೇರೆ ಅನ್ನಿಸಿದರೆ ಮಾತ್ರ ಪುರಾವೆ ಕೇಳುತ್ತೇವೆ. ಮದುವೆಯಾಗಿ ಹೆಸರು ಬದಲಾದವರು ಮ್ಯಾರೇಜ್ ಸರ್ಟಿಫಿಕೇಟ್ ತಂದರೆ ಸಾಕು.

ನಿಮಗೆ ಸುಲಭ ದಾರಿ: ನೋಂದಣಿ ಮಾಡುವಾಗಲೇ ಯಾವ ಐಡಿ ತೋರಿಸುತ್ತೀರೋ ಅದರಲ್ಲಿ ಇರುವ ಹಾಗೇ, ಅದೇ ಕ್ರಮದಲ್ಲಿ ಹೆಸರು ಬರೆಯಿರಿ. ಈಗಾಗಲೇ ಬೇರೆ ತರಹ ಇದ್ದರೆ ಕೌನ್ಸಿಲ್‌ನ ಎಲೆಕ್ಟೋರಲ್ ಸರ್ವಿಸಸ್‌ಗೆ ಮೇಲ್ ಮಾಡಿ ಸರಿಪಡಿಸಿ. ಮೇ 7ರ ಬೆಳಗ್ಗೆ ಅಲ್ಲ, ಈಗಲೇ.

ಕುಡ್ಲದ ಗಾಳಿ:
ಇನ್ನೊಂದು ಲಾಭ ಯಾರೂ ಹೇಳಲಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು ಇದ್ದರೆ ಕ್ರೆಡಿಟ್ ಸ್ಕೋರ್‌ಗೆ ಒಳ್ಳೆಯದು. ಮಾರ್ಟ್‌ಗೇಜ್ ಕೇಳುವಾಗ ವಿಳಾಸ ಖಚಿತ ಅಂತ ಅವರಿಗೆ ಗೊತ್ತಾಗುತ್ತದೆ. ಅರ್ಜಿಯಲ್ಲಿ ಓಪನ್ ರಿಜಿಸ್ಟರ್ ಅಂತ ಒಂದು ಉಂಟು, ಅದರಿಂದ ಹೊರಗೆ ಇರುತ್ತೇನೆ ಅಂತ ಗುರುತು ಹಾಕಿ. ಇಲ್ಲದಿದ್ದರೆ ಆ ಪಟ್ಟಿಯನ್ನು ಯಾರು ಬೇಕಾದರೂ ಕೊಳ್ಳಬಹುದು, ಆಮೇಲೆ ಜಾಹೀರಾತಿನ ಕಾಗದಗಳ ರಾಶಿ.

ಧಾರವಾಡ ಪೇಡೆ:
ಪ್ರಜಾಪ್ರಭುತ್ವಕ್ಕಿಂತ ಮಾರ್ಟ್‌ಗೇಜ್ ಮುಖ್ಯ ಅಂತಾಯಿತು 😀

ಆದರೆ ಹೆಸರು ಸೇರಿಸುವುದಕ್ಕೆ ನನ್ನ ವಿರೋಧ ಇಲ್ಲ, ಅದು ಗೊತ್ತಿರಲಿ. ಅಧಿಕಾರಿಗಳು ಕಾಗದ ಕಳಿಸಿ ಕೇಳಿದ ಮೇಲೂ ಸುಮ್ಮನಿದ್ದರೆ 80 ಪೌಂಡ್ ದಂಡ ಹಾಕಬಹುದು. ನನ್ನ ಹೆಸರು ಪಟ್ಟಿಯಲ್ಲಿ ಇದೆ. ವೋಟ್ ಹಾಕಲೇಬೇಕು ಅಂತ ಕಾನೂನು ಇಲ್ಲ.

ಬಸವನಗುಡಿ ಹುಡುಗ:
ಇಲ್ಲಿ ಚುನಾವಣೆಗೆ ನಿಲ್ಲುವುದೂ ಸುಲಭ ಅಂತ ಕೇಳಿದೆ. ಠೇವಣಿ ಎಷ್ಟು?

ಹಳೇ ಹುಲಿ:
ಕೌನ್ಸಿಲ್‌ಗೆ ಠೇವಣಿಯೇ ಇಲ್ಲ! ವಾರ್ಡಿನ ಇಬ್ಬರು ಮತದಾರರ ಸಹಿ ಸಾಕು. ಹಿಂದೆ ಹತ್ತು ಬೇಕಿತ್ತು. ಖರ್ಚಿಗೂ ಮಿತಿ ಇದೆ: ಒಬ್ಬ ಅಭ್ಯರ್ಥಿಗೆ ಸಾವಿರ ಪೌಂಡ್ ಒಳಗೇ ಒಂದು ಮೊತ್ತ, ಮೇಲೆ ಮತದಾರನಿಗೆ ಇಷ್ಟು ಪೆನ್ನಿ ಅಂತ. ನಮ್ಮ ಕಡೆ ಅಷ್ಟರಲ್ಲಿ ಒಂದು ಬೀದಿಗೆ ಕುಕ್ಕರ್ ಹಂಚಲೂ ಆಗುವುದಿಲ್ಲ.

ಆದರೆ ಇದು ಗಮನಿಸಿ, ವೋಟ್ ಹಾಕುವ ನಿಯಮ ಬೇರೆ, ನಿಲ್ಲುವ ನಿಯಮ ಬೇರೆ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇರುವವರು ನಿಲ್ಲುವ ಹಾಗಿಲ್ಲ. ಪರ್ಮನೆಂಟ್ ಆಗಿರಬೇಕು, ಅಂದರೆ ಐಎಲ್‌ಆರ್, ಇಲ್ಲವೇ ಬ್ರಿಟಿಷ್ ಪ್ರಜೆ.

ಕ್ರಾಯ್ಡನ್ ಕೋಸಂಬರಿ:
ಕುಕ್ಕರ್ ಬಿಡಿ, ಇಲ್ಲಿ ತಿಂಡಿ ಕೊಟ್ಟರೂ ಕಷ್ಟ. 2015ರಲ್ಲಿ ಸೌತಾಂಪ್ಟನ್‌ನಲ್ಲಿ ಒಬ್ಬ ಅಭ್ಯರ್ಥಿಯ ಕಾರ್ಯಕ್ರಮದಲ್ಲಿ ಸಾಸೇಜ್ ರೋಲ್ ಇಟ್ಟಿದ್ದರು ಅಂತ ಪೊಲೀಸರು ಕರೆದು ವಿಚಾರಿಸಿದರು. ಆಮೇಲೆ ಕೇಸ್ ಏನೂ ಆಗಲಿಲ್ಲ. ತಿನ್ನಿಸಿ ಕುಡಿಸಿ ವೋಟ್ ಕೇಳುವುದು ಇಲ್ಲಿ ಅಪರಾಧ.

ಕುಡ್ಲದ ಗಾಳಿ:
ಒಂದು ಸಾಸೇಜ್ ರೋಲ್‌ಗೆ ಪೊಲೀಸ್! ನಮ್ಮಲ್ಲಿ ಬಿರಿಯಾನಿ ಇಲ್ಲದಿದ್ದರೆ ಸಭೆಗೆ ಜನವೇ ಬರುವುದಿಲ್ಲ.

ವೆಂಬ್ಲಿ ಒಗ್ಗರಣೆ:
ಅದು ಕಾಗದದ ಮೇಲೆ. ಹಬ್ಬ ಬಂದರೆ ಎಲ್ಲ ಪಕ್ಷದವರೂ ದೇವಸ್ಥಾನದಲ್ಲಿ ಹಾಜರು. ಹಣೆಗೆ ಕುಂಕುಮ, ಹೆಗಲಿಗೆ ಶಾಲು, ಒಂದು ಫೋಟೋ. 2021ರ ಜನಗಣತಿಯಲ್ಲಿ ಹ್ಯಾರೋದಲ್ಲಿ ನೂರಕ್ಕೆ ಸುಮಾರು 26 ಜನ ಹಿಂದೂಗಳು, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲೇ ಜಾಸ್ತಿ. ಬರದೇ ಏನು ಮಾಡುತ್ತಾರೆ? ಮೇ ಮುಗಿದ ಮೇಲೂ ಬರುತ್ತಾರಾ ಅಂತ ನೋಡಿ ನಾನು ನಿರ್ಧರಿಸುವುದು.

ಟೈರ್ ಎರಡು ವಿಸಾದಾರ:
ಕನ್ನಡದವರು ಯಾರಾದರೂ ನಿಂತಿದ್ದಾರಾ? ಇದ್ದರೆ ಅವರಿಗೇ ಹಾಕೋಣ.

ಪಿನ್ನರ್ ಪಡ್ಡು:
ಅಭ್ಯರ್ಥಿಗಳ ಪಟ್ಟಿ ಏಪ್ರಿಲ್‌ನಲ್ಲಿ ಬರುತ್ತದೆ, ಆಗ ನೋಡೋಣ. ಆದರೆ ಬರೀ ಕನ್ನಡದವರು ಅಂತ ಹಾಕುವುದು ನನಗೆ ಒಪ್ಪಿಗೆ ಇಲ್ಲ.

ಹಳೇ ಹುಲಿ:
ಒಪ್ಪುವುದು ಬಿಡುವುದು ಆಮೇಲೆ, ಆಗಿಹೋದದ್ದು ಹೇಳುತ್ತೇನೆ. ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಲ್ಯಾಂಬೆತ್ ಕೌನ್ಸಿಲರ್ ಆಗಿದ್ದರು, 2010-11ರಲ್ಲಿ ಅಲ್ಲಿನ ಮೇಯರ್ ಕೂಡ ಆದರು. ಥೇಮ್ಸ್ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನ ಪ್ರತಿಮೆ ಇದೆಯಲ್ಲ, 2015ರ ನವೆಂಬರ್ 14ರಂದು ಮೋದಿ ಬಂದು ಅನಾವರಣ ಮಾಡಿದ್ದು, ಅದರ ಹಿಂದೆ ಓಡಾಡಿದವರು ಇವರೇ. ಪಾರ್ಲಿಮೆಂಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಪ್ರತಿಮೆ ನಿಲ್ಲಿಸಲು ಪ್ಲಾನಿಂಗ್ ಒಪ್ಪಿಗೆ ಬೇಕು. ಆ ಒಪ್ಪಿಗೆ ಕೊಡುವುದು ಕೌನ್ಸಿಲ್. ಒಳಗೆ ನಮ್ಮವರು ಒಬ್ಬರು ಇದ್ದರೆ ದಾರಿ ಗೊತ್ತಿರುತ್ತದೆ.

ಪಿನ್ನರ್ ಪಡ್ಡು:
ಅವರು ಗೆದ್ದಿದ್ದು ಲ್ಯಾಂಬೆತ್ ಜನರ ವೋಟಿನಿಂದ ಸರ್, ಕನ್ನಡಿಗರ ವೋಟಿನಿಂದ ಅಲ್ಲ. ಅಲ್ಲಿ ನಾವು ಎಷ್ಟು ಜನ ಇದ್ದೆವು? ನಾನು ಹೇಳುತ್ತಿರುವುದೂ ಅದನ್ನೇ.

ಹಳೇ ಹುಲಿ:
ಅದು ಸರಿ. ಆದರೂ ಪಟ್ಟಿಯಲ್ಲಿ ನಮ್ಮೂರ ಹೆಸರು ಕಂಡರೆ ಕೈ ಅಲ್ಲಿಗೇ ಹೋಗುತ್ತದೆ, ಏನು ಮಾಡಲಿ.

ಸ್ಲೌ ಸೋನಾಮಸೂರಿ:
ಪೋಸ್ಟಲ್ ವೋಟ್ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಪರಿಚಯದ ಒಬ್ಬ ಹಿರಿಯರ ಮನೆಗೆ ಒಂದು ಪಕ್ಷದ ಹುಡುಗ ಬಂದು "ಕವರ್ ಕೊಡಿ ಅಂಕಲ್, ನಾನೇ ತಲುಪಿಸುತ್ತೇನೆ" ಅಂದನಂತೆ. ಕೊಡಬೇಡಿ. ಪ್ರಚಾರ ಮಾಡುವವರು ಬೇರೆಯವರ ಪೋಸ್ಟಲ್ ವೋಟ್ ಮುಟ್ಟುವ ಹಾಗೇ ಇಲ್ಲ, ಮನೆಯವರದ್ದು ಬಿಟ್ಟು. ಅಂಚೆಗೆ ಹಾಕಲು ತಡ ಆಯಿತು ಅಂದರೆ ಮತಗಟ್ಟೆಗೇ ಒಯ್ದು ಕೊಡಬಹುದು. ನಿಮ್ಮದು, ಜೊತೆಗೆ ಇನ್ನು ಐದು ಜನರದ್ದು, ಅಷ್ಟೇ ಮಿತಿ. ಒಂದು ಫಾರ್ಮ್ ತುಂಬಿ ಕೊಡಬೇಕು. ಸುಮ್ನೆ ಪೆಟ್ಟಿಗೆಗೆ ತುರುಕಿ ಬಂದರೆ ಲೆಕ್ಕಕ್ಕೆ ಇಲ್ಲ.

ಪೋಸ್ಟಲ್ ವೋಟ್‌ಗೆ ಅರ್ಜಿ ಹಾಕಲು ಏಪ್ರಿಲ್ 21, ಸಂಜೆ 5 ಕೊನೆ.

ಸುಮ್ನೆ ಓದುವವಳು:
ಮೇ 7 ಗುರುವಾರ. ರಜೆ ಇಲ್ವಾ?

ಕುಡ್ಲದ ಗಾಳಿ:
ರಜೆಯೂ ಇಲ್ಲ, ಬೆರಳಿಗೆ ಶಾಯಿಯೂ ಇಲ್ಲ. ಸೆಲ್ಫಿ ಹಾಕುವುದು ಹೇಗೆ ಅಂತ ನನ್ನ ಹೆಂಡತಿಗೆ ಚಿಂತೆ.

ಪಿನ್ನರ್ ಪಡ್ಡು:
ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ, ರಜೆ ಯಾಕೆ? ಹತ್ತು ಗಂಟೆಗೆ ಸಾಲಿನಲ್ಲಿ ಇದ್ದರೂ ಬಿಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಬನ್ನಿ. ಹೊರಗೆ ಬ್ಯಾಡ್ಜ್ ಹಾಕಿಕೊಂಡು ನಿಂತವರು ಮತದಾರರ ಪಟ್ಟಿಯ ನಿಮ್ಮ ನಂಬರ್ ಕೇಳಿದರೆ ಹೇಳಲೇಬೇಕು ಅಂತ ಇಲ್ಲ. ಅವರು ಪಕ್ಷದವರು, ಅಧಿಕಾರಿಗಳಲ್ಲ. ಒಳಗೆ ಮಷೀನ್ ಇಲ್ಲ, ಕಾಗದ ಮತ್ತು ದಾರ ಕಟ್ಟಿದ ಪೆನ್ಸಿಲ್. ನೋಟಾ ಕೂಡ ಇಲ್ಲ.

ರೇನರ್ಸ್ ಲೇನ್ ರಾಗಿಮುದ್ದೆ:
ಇಬ್ಬರದ್ದೂ ನೋಂದಣಿ ಆಯಿತು, ಎಲ್ಲರಿಗೂ ಥ್ಯಾಂಕ್ಸ್. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆದೆವು. ಕೊನೆಯದಾಗಿ ಒಂದು. ಒಂದು ವಾರ್ಡಿಗೆ ಎರಡು ಮೂರು ಸೀಟ್ ಅಂದಿರಲ್ಲ, ಹಾಗಾದರೆ ಎಷ್ಟು ಗುರುತು ಹಾಕಬೇಕು? ನನಗೆ ಒಬ್ಬರೇ ಇಷ್ಟ ಆದರೆ?

ಪಿನ್ನರ್ ಪಡ್ಡು:
ಮೂರು ಸೀಟಿನ ವಾರ್ಡ್ ಆದರೆ ಮೂರು ಹೆಸರಿನ ಮುಂದೆ ಕ್ರಾಸ್ ಹಾಕಬಹುದು, ಎರಡರದ್ದಾದರೆ ಎರಡು. ಎಷ್ಟು ಅಂತ ಮತಪತ್ರದ ಮೇಲೇ ಬರೆದಿರುತ್ತದೆ. ಒಂದೇ ಪಕ್ಷಕ್ಕೆ ಹಾಕಬೇಕು ಅಂತ ಇಲ್ಲ, ಒಂದು ಇವರಿಗೆ, ಒಂದು ಅವರಿಗೆ ಹಾಕಬಹುದು. ಒಬ್ಬರಿಗೇ ಹಾಕಿ ಬಿಟ್ಟರೂ ವೋಟ್ ಊರ್ಜಿತ. ಮಿತಿಗಿಂತ ಜಾಸ್ತಿ ಹಾಕಿದರೆ ಮಾತ್ರ ಪೂರ್ತಿ ಮತಪತ್ರ ರದ್ದು. ಟಿಕ್ ಮಾರ್ಕ್ ಹಾಕಿದರೂ ಉದ್ದೇಶ ಸ್ಪಷ್ಟ ಇದ್ದರೆ ಎಣಿಸುತ್ತಾರೆ, ಆದರೂ ಕ್ರಾಸೇ ಹಾಕಿ. ಹೆಸರು ಮಾತ್ರ ಬರೆಯಬೇಡಿ. ಯಾರ ವೋಟ್ ಅಂತ ಗೊತ್ತಾದರೆ ಅದೂ ರದ್ದು.

ಇನಿಷಿಯಲ್ ಸಂಕಟ:
ಹೆಸರು ಬರೆದರೂ ನನ್ನದು ಅಂತ ಯಾರಿಗೂ ಗೊತ್ತಾಗುವುದಿಲ್ಲ ಬಿಡಿ.